ಪ್ರತಿಮೆ, ವೀರಗಲ್ಲು, ಶಾಸನಗಳ ದಾಖಲಾತಿ: ಎಲ್ಲರೂ ಒಂದೇ ಕ್ರಮ ಹಿಡಿಯೋಣ

ದಾಖಲೆಗಾರ್ತಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಮತ್ತು ಸುತ್ತಮುತ್ತಲ ಪ್ರತಿಮೆ, ವೀರಗಲ್ಲು, ಶಾಸನಗಳ ಫೋಟೊಗಳು ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸಿಗೆ ಧಾರಾಳವಾಗಿ ಬರುತ್ತಿವೆ. ಮುಕ್ತ ಮಾಹಿತಿಕೋಶವಾದ ವಿಕಿಡೇಟಾದಲ್ಲಿ, ಎಲ್ಲರೂ ಸೇರಿ ಕಟ್ಟುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ (ಓಎಸ್‌ಎಂ) ನಮೂದುಗಳೂ ಹೆಚ್ಚುತ್ತಿವೆ. ಆದರೆ ಮೂರೂ ಕಡೆಯ ಮಾಹಿತಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಮಾರ್ಕ್ ಕಬ್ಬನ್ ಪ್ರತಿಮೆಯನ್ನೇ ನೋಡಿ. ಕಾರ್ಲೊ ಮಾರೊಕೆಟ್ಟಿ ಮಾಡಿದ ಈ ಅಶ್ವಾರೋಹಿ ಪ್ರತಿಮೆ 1866ರದು. ಬಹುಕಾಲ ಅಠಾರ ಕಚೇರಿಯ ಎದುರಿಗಿತ್ತು, 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಹೋಯಿತು. ಹಳೆಯ ಜಾಗದ ಫೋಟೊ, ಹೊಸ ಜಾಗದ ಫೋಟೊ ಎರಡಕ್ಕೂ ಒಂದೇ ಅಕ್ಷಾಂಶ ರೇಖಾಂಶ, ದಿನಾಂಕವಿಲ್ಲ, ಹೆಸರು 'ಕಬ್ಬನ್ ಪಾರ್ಕ್ ಪ್ರತಿಮೆ 3' ಎಂದಿದ್ದರೆ ಮುಂದೆ ಬರುವವರು ಅದರಿಂದ ಏನನ್ನೂ ತಿಳಿಯಲಾರರು. ಕಲ್ಲು ಅಥವಾ ಕಂಚು ಜಾಗ ಬಿಟ್ಟು ಹೋದ ಮೇಲೂ ಅದು ಯಾವುದು, ಎಲ್ಲಿತ್ತು, ಯಾವ ಸ್ಥಿತಿಯಲ್ಲಿತ್ತು ಎಂದು ಅಪರಿಚಿತರೊಬ್ಬರು ಗುರುತಿಸುವಂತಿದ್ದರೆ ಮಾತ್ರ ಅದನ್ನು ದಾಖಲೆ ಎನ್ನಬಹುದು. ಈ ಅಳತೆಗೋಲಿನಿಂದಲೇ ಉಳಿದದ್ದನ್ನು ತೀರ್ಮಾನಿಸೋಣ.

ಒಂದು ವಸ್ತುವಿಗೆ ಕನಿಷ್ಠ ಬೇಕಾದದ್ದು ಇಷ್ಟು ಎಂದು ನನ್ನ ಸಲಹೆ. ನಾಲ್ಕೂ ಕಡೆಯಿಂದ ಪೂರ್ತಿ ನೋಟ. ಸುತ್ತಲಿನ ಕಟ್ಟಡ, ಮರ, ರಸ್ತೆ ಕಾಣುವ ಹಾಗೆ ದೂರದಿಂದ ಒಂದು ಚಿತ್ರ. ಪೀಠದ ಮೇಲಿನ ಪ್ರತಿಯೊಂದು ಫಲಕಕ್ಕೂ ನೇರ ನೋಟದ ಒಂದೊಂದು ಚಿತ್ರ, ಹಿಂದಿನ ಫಲಕವನ್ನು ಬಿಡಬಾರದು. ಅಳತೆಪಟ್ಟಿ ಇಟ್ಟ ಒಂದು ಚಿತ್ರ. ಶಿಲ್ಪಿಯ ಸಹಿ ಅಥವಾ ಎರಕದವರ ಗುರುತು ಇದ್ದರೆ ಅದರ ಹತ್ತಿರದ ಚಿತ್ರ. ಕಂಚಿನ ಪ್ರತಿಮೆಗಳಲ್ಲಿ ಇದು ಸಾಮಾನ್ಯವಾಗಿ ಪಾದದ ಪಕ್ಕದಲ್ಲೋ ಹಿಂಬದಿಯಲ್ಲೋ ತಳದ ಅಂಚಿನಲ್ಲಿರುತ್ತದೆ. ಮುಂದಿನಿಂದಷ್ಟೇ ತೆಗೆದವರಿಗೆ ಸಿಗುವುದಿಲ್ಲ.

ನಕ್ಷೆ, ಹಕ್ಕುಸ್ವಾಮ್ಯ, ಲಿಪಿ ಬಲ್ಲವರು ದಯವಿಟ್ಟು ಇದಕ್ಕೆ ಸೇರಿಸಿ.

ನಕ್ಷೆಗಾರ

ಜಾಗದ ವಿಷಯ ನಾನು ಹೇಳುತ್ತೇನೆ. ಕಾಮನ್ಸಿನಲ್ಲಿ ಜಾಗ ಬರೆಯಲು ಎರಡು ಬೇರೆ ಬೇರೆ ಟೆಂಪ್ಲೇಟುಗಳು, ಅಂದರೆ ಸಿದ್ಧ ನಮೂನೆಗಳು ಇವೆ. 'ಲೊಕೇಶನ್' ಎಂದರೆ ಕ್ಯಾಮೆರಾ ಇದ್ದ ಜಾಗ, 'ಆಬ್ಜೆಕ್ಟ್ ಲೊಕೇಶನ್' ಎಂದರೆ ವಸ್ತು ಇರುವ ಜಾಗ. ಫೋನು ಚಿತ್ರದೊಳಗೆ ತಾನಾಗಿ ಬರೆದಿಡುವುದು ಮೊದಲನೆಯದನ್ನು ಮಾತ್ರ. ರಸ್ತೆಯ ಆಚೆಯಿಂದ ಜೂಮ್ ಮಾಡಿ ತೆಗೆದ ಚಿತ್ರದ ಅಂಕಿಯನ್ನು ವಿಕಿಡೇಟಾದ ಪಿ625ಕ್ಕೆ (ಅಲ್ಲಿ ಒಂದೊಂದು ಬಗೆಯ ಮಾಹಿತಿಗೂ ಒಂದು ಪಿ ಸಂಖ್ಯೆ ಇದೆ, ಇದು ಅಕ್ಷಾಂಶ ರೇಖಾಂಶದ್ದು) ಹಾಕಿದರೆ ಪ್ರತಿಮೆ ಎದುರು ಬದಿಯ ಅಂಗಡಿಯ ಮೇಲೆ ಕೂರುತ್ತದೆ.

ವಸ್ತುವಿನ ಜಾಗ ಹಿಡಿಯಲು ಪೀಠಕ್ಕೆ ತಾಗಿ ನಿಂತು, ಫೋನನ್ನು ಒಂದೆರಡು ನಿಮಿಷ ಅಲುಗಾಡಿಸದೆ ಹಿಡಿದು, ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಬಯಲಿನಲ್ಲಿ 3ರಿಂದ 5 ಮೀಟರ್ ವ್ಯತ್ಯಾಸ ಸಹಜ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ 10 ಮೀಟರ್ ದಾಟುತ್ತದೆ. ಆಮೇಲೆ ಓಎಸ್‌ಎಂ ಎಡಿಟರಿನ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ತಿದ್ದಿ. ದಶಮಾಂಶದ ನಂತರ 5 ಅಂಕಿ ಸಾಕು, ಐದನೆಯ ಸ್ಥಾನ ಎಂದರೇ ಸುಮಾರು 1.1 ಮೀಟರ್. ಫೋನಿನಿಂದ ಬಂದ 8 ಅಂಕಿಗಳನ್ನು ಹಾಗೇ ಹಾಕುವುದರಿಂದ ಇಲ್ಲದ ನಿಖರತೆ ಇದೆಯೆಂದು ತೋರಿಸಿದಂತಾಗುತ್ತದೆ.

ಗೂಗಲ್ ಮ್ಯಾಪ್ಸ್ ನೋಡಿ ಓಎಸ್‌ಎಂಗೆ ಬಿಂದು ಹಾಕಬೇಡಿ, ಪರವಾನಗಿ ಒಪ್ಪುವುದಿಲ್ಲ. ಓಎಸ್‌ಎಂನಿಂದ ವಿಕಿಡೇಟಾಕ್ಕೆ ಸಾರಾಸಗಟಾಗಿ ನಕಲು ಮಾಡುವುದೂ ತಪ್ಪು. ವಿಕಿಡೇಟಾದ ಪರವಾನಗಿ ಸಿಸಿ ಝೀರೊ, ಅದಕ್ಕೆ ಷರತ್ತಿಲ್ಲ. ಓಎಸ್‌ಎಂನದು ಓಡಿಬಿಎಲ್, ಅದಕ್ಕೆ ಷರತ್ತುಗಳಿವೆ. ಸ್ಥಳಕ್ಕೆ ಹೋದವರು ತಮ್ಮ ಅಳತೆಯನ್ನು ಎರಡೂ ಕಡೆ ತಾವೇ ಹಾಕಿದರೆ ಈ ತೊಡಕೇ ಇಲ್ಲ.

ಓಎಸ್‌ಎಂನಲ್ಲಿ ವಸ್ತು ಎಂಥದ್ದು ಎಂದು ಹೇಳುವ ಟ್ಯಾಗ್‌ಗಳನ್ನು ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಇಲ್ಲಿ ಓದಲೆಂದು ಕನ್ನಡದಲ್ಲಿ ಬರೆಯುತ್ತೇನೆ. ವ್ಯಕ್ತಿಯ ನೆನಪಿನ ಪ್ರತಿಮೆಗೆ ಹಿಸ್ಟಾರಿಕ್=ಮೆಮೋರಿಯಲ್, ಮೆಮೋರಿಯಲ್=ಸ್ಟ್ಯಾಚ್ಯೂ. ಎದೆಮಟ್ಟದ್ದಾದರೆ ಬಸ್ಟ್, ಬರೀ ಫಲಕವಾದರೆ ಪ್ಲೇಕ್. ಯಾರ ನೆನಪಿಗೂ ಅಲ್ಲದ, ಅಲಂಕಾರಕ್ಕಿಟ್ಟ ಶಿಲ್ಪಕ್ಕೆ ಟೂರಿಸಂ=ಆರ್ಟ್‌ವರ್ಕ್. ಹಿಸ್ಟಾರಿಕ್=ಮಾನ್ಯುಮೆಂಟ್ ಅನ್ನು ದೊಡ್ಡ ಕಟ್ಟೋಣಗಳಿಗೆ ಮೀಸಲಿಡಿ.

ಅತಿ ಹೆಚ್ಚು ಕಾಣುವ ತಪ್ಪು ಇದು: 'ವಿಕಿಡೇಟಾ' ಟ್ಯಾಗ್‌ನಲ್ಲಿ ವ್ಯಕ್ತಿಯ ಕ್ಯೂ ಸಂಖ್ಯೆ (ವಿಕಿಡೇಟಾ ನಮೂದಿನ ಸಂಖ್ಯೆ) ಹಾಕುವುದು. ಕೆಂಪೇಗೌಡರ ಸಂಖ್ಯೆಯನ್ನು ಹತ್ತು ಪ್ರತಿಮೆಗಳಿಗೆ ಹಾಕಿದರೆ ಆ ಹತ್ತೂ ಬಿಂದುಗಳೇ ಕೆಂಪೇಗೌಡರು ಎಂದು ಯಂತ್ರ ಓದುತ್ತದೆ. ಆ ಟ್ಯಾಗ್‌ನಲ್ಲಿ ಪ್ರತಿಮೆಯ ಸ್ವಂತ ಸಂಖ್ಯೆ ಇರಬೇಕು, ವ್ಯಕ್ತಿಯದು 'ಸಬ್ಜೆಕ್ಟ್:ವಿಕಿಡೇಟಾ'ಕ್ಕೆ ಹೋಗಬೇಕು.

ಪ್ರತಿಮೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು 'ಡೈರೆಕ್ಷನ್'ನಲ್ಲಿ ಡಿಗ್ರಿಯಲ್ಲಿ ಬರೆಯಿರಿ. ಕಬ್ಬಿಣದ ಬೇಲಿಯ ಪಕ್ಕ ನಿಂತು ಫೋನಿನ ದಿಕ್ಸೂಚಿ ನಂಬಬೇಡಿ, ತಿರುಗಿಬಿಡುತ್ತದೆ. ಪಕ್ಕದ ರಸ್ತೆ ನಕ್ಷೆಯಲ್ಲಿ ಯಾವ ಕೋನದಲ್ಲಿದೆಯೋ ಅದಕ್ಕೆ ಹೋಲಿಸಿ ಬರೆಯುವುದು ಮೇಲು.

ಕಡತಪಾಲ

ಕಾಮನ್ಸ್ ಕಡೆಯಿಂದ ಕೆಲವು ಮಾತು.

ಮೊದಲು ಹಕ್ಕುಸ್ವಾಮ್ಯ. ಭಾರತದ 1957ರ ಕಾಯಿದೆಯ ಕಲಂ 52(1)(ಟಿ) ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ಇರಿಸಿದ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು ಶಿಲ್ಪಿಯ ಅನುಮತಿ ಬೇಕಿಲ್ಲ. ಕಟ್ಟಡಗಳಿಗೆ 52(1)(ಎಸ್). 'ಶಾಶ್ವತವಾಗಿ' ಎಂಬುದನ್ನು ಮರೆಯಬೇಡಿ. ದಸರಾ ವಸ್ತುಪ್ರದರ್ಶನದ ಫೈಬರ್ ಪ್ರತಿಮೆ, ಗಣೇಶೋತ್ಸವದ ಮೂರ್ತಿ ಇದರಡಿ ಬರುವುದಿಲ್ಲ. ಗೋಡೆಚಿತ್ರಗಳೂ ಬರುವುದಿಲ್ಲ, ಏಕೆಂದರೆ ಚಿತ್ರಕಲೆಯನ್ನು ಆ ಕಲಂ ಒಳಗೊಂಡಿಲ್ಲ. ಪೀಠದ ಮೇಲೆ ಯಾರೋ ಬಣ್ಣದಲ್ಲಿ ಬರೆದ ಹೊಸ ಭಾವಚಿತ್ರವನ್ನು ಮಾತ್ರ ಫೋಟೊದಿಂದ ಕತ್ತರಿಸಿ ಹಾಕಿದರೆ ಕಡತ ಅಳಿಸಿಹೋಗುತ್ತದೆ.

ಹೊಸ ಶಿಲ್ಪಗಳ ಕಡತಕ್ಕೆ ಈ ವಿನಾಯಿತಿಯನ್ನು ಸೂಚಿಸುವ 'ಎಫ್‌ಒಪಿ-ಇಂಡಿಯಾ' ಟೆಂಪ್ಲೇಟನ್ನೂ ನಿಮ್ಮ ಫೋಟೊದ ಪರವಾನಗಿಯನ್ನೂ ಎರಡೂ ಹಾಕಿ. ಶಿಲ್ಪಿ ತೀರಿ 60 ವರ್ಷ ಕಳೆದಿದ್ದರೆ ಭಾರತದಲ್ಲಿ ಕೃತಿಯೇ ಮುಕ್ತ. ಕಬ್ಬನ್ ಉದ್ಯಾನದ ವಿಕ್ಟೋರಿಯಾ ಪ್ರತಿಮೆಯನ್ನು ಮಾಡಿದ ಥಾಮಸ್ ಬ್ರಾಕ್ ತೀರಿಕೊಂಡಿದ್ದು 1922ರಲ್ಲಿ, ಅಲ್ಲಿ ಚಿಂತೆಯಿಲ್ಲ. ವೀರಗಲ್ಲು ಶಾಸನಗಳಿಗಂತೂ ಈ ಪ್ರಶ್ನೆಯೇ ಬರುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ಕಾನೂನು ನೋಡಿಕೊಳ್ಳಬೇಕು. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 14 ನವೆಂಬರ್ 2015ರಂದು ಅನಾವರಣವಾದ ಬಸವೇಶ್ವರರ ಪ್ರತಿಮೆಯ ಫೋಟೊ ಹಾಕಬಹುದು, ಬ್ರಿಟನ್ನಿನ 1988ರ ಕಾಯಿದೆಯ ಕಲಂ 62 ಅದಕ್ಕೆ ಅವಕಾಶ ಕೊಡುತ್ತದೆ. ಅಮೆರಿಕದಲ್ಲಿ ಈ ವಿನಾಯಿತಿ ಕಟ್ಟಡಗಳಿಗಷ್ಟೇ, ಶಿಲ್ಪಕ್ಕಿಲ್ಲ. ಅಲ್ಲಿನ ಹೊಸ ಪ್ರತಿಮೆಗಳ ಫೋಟೊ ಕಾಮನ್ಸಿಗೆ ಹಾಕಬೇಡಿ. ವಿಕಿಡೇಟಾ ನಮೂದು, ನಕ್ಷೆಯ ಬಿಂದು ಹಾಕಲು ತಡೆಯಿಲ್ಲ.

ಎರಡನೆಯದು ಕಡತ ಕಳಿಸುವ ಬಗೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನ, ಸಮಯ, ಜಾಗದ ಮಾಹಿತಿ ಎಲ್ಲ ಅಳಿಸಿಹೋಗುತ್ತದೆ. ಊರಿನವರಿಂದ ಚಿತ್ರ ತರಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ತೆಗೆದವರೇ ಅಪ್‌ಲೋಡ್ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು, ಹಕ್ಕು ಅವರದು. ಬೇರೆಯವರ ಚಿತ್ರ ಹಾಕುವುದಾದರೆ ಅವರಿಂದ ಒಪ್ಪಿಗೆಯ ಇಮೇಲ್ ಕಾಮನ್ಸಿನ ಅನುಮತಿ ತಂಡಕ್ಕೆ ಹೋಗಬೇಕು.

ಕಡತದ ಹೆಸರಿನಲ್ಲಿ ವಸ್ತು, ಊರು, ಜಾಗ, ಯಾವ ಬದಿ ಇಷ್ಟೂ ಇರಲಿ: 'ಮಾರ್ಕ್ ಕಬ್ಬನ್ ಪ್ರತಿಮೆ ಬೆಂಗಳೂರು ಕಬ್ಬನ್ ಉದ್ಯಾನ ಎಡಬದಿ'. ವರ್ಗದ ವಿಷಯದಲ್ಲಿ ನಕ್ಷೆಗಾರರು ಹೇಳಿದ ನಿಯಮವೇ ಇಲ್ಲಿಗೂ ಸಲ್ಲುತ್ತದೆ. ಪ್ರತಿಮೆಯ ಚಿತ್ರ ವ್ಯಕ್ತಿಯ ವರ್ಗಕ್ಕೆ ನೇರವಾಗಿ ಹೋಗಬಾರದು, ಆ ಪ್ರತಿಮೆಗೆಂದೇ ಒಂದು ಒಳವರ್ಗ ಮಾಡಿ ಅದರಲ್ಲಿಡಿ.

ಮಂಡ್ಯದ ಹುಡುಗ

ಒಂದು ಸಂದೇಹ ಸರ್. ನಮ್ಮೂರಿನ ಮಾರಿಗುಡಿ ಪಕ್ಕ ಎರಡು ವೀರಗಲ್ಲು ಇವೆ. ಎಣ್ಣೆ, ಅರಿಶಿನ, ಸುಣ್ಣ ಬಳಿದು ಬಳಿದು ಅಕ್ಷರ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಸೋಪುಪುಡಿ ಹಾಕಿ ತೊಳೆದು ಫೋಟೊ ತೆಗೆಯಬಹುದಾ?

ಲಿಪಿಕಾರ

ತೊಳೆಯಬೇಡಿ ತಮ್ಮಾ. ಸೋಪುಪುಡಿ, ಆಸಿಡ್, ತಂತಿ ಬ್ರಷ್, ತೆಂಗಿನ ನಾರಿನ ಉಜ್ಜು ಯಾವುದೂ ಕಲ್ಲಿಗೆ ತಾಗಬಾರದು. ಬಳಪದ ಕಲ್ಲಾದರೆ ಗೆರೆ ಬೀಳುತ್ತದೆ, ಕಣಶಿಲೆಯಾದರೂ ಸವೆದ ಅಕ್ಷರದ ಅಂಚು ಮತ್ತಷ್ಟು ಹೋಗುತ್ತದೆ. ಅಕ್ಷರಗಳಿಗೆ ಸೀಮೆಸುಣ್ಣ, ಹಿಟ್ಟು, ವಿಭೂತಿ ತುಂಬುವುದೂ ಬೇಡ. ಓದುವವರು ತಮಗೆ ಕಂಡಂತೆ ತುಂಬಿದ ಗೆರೆಯನ್ನೇ ಮುಂದಿನವರು ಅಕ್ಷರವೆಂದು ಓದುತ್ತಾರೆ.

ಪೂಜೆಯಲ್ಲಿರುವ ಕಲ್ಲಾದರೆ ಮೊದಲು ಗುಡಿಯವರನ್ನು, ಊರಿನ ಹಿರಿಯರನ್ನು ಕೇಳಿ. ಚಪ್ಪಲಿ ಬಿಟ್ಟು ಹೋಗಿ. ಹೂವು ಹಾರಗಳನ್ನು ಅವರೇ ತೆಗೆದರೆ ಸರಿ, ನಾವು ಮುಟ್ಟಬಾರದು. ಒಣ ಮಣ್ಣು, ಜೇಡರಬಲೆ ಇದ್ದರೆ ಅವರ ಒಪ್ಪಿಗೆಯಿಂದ ಮೆತ್ತನೆಯ ಬಣ್ಣದ ಬ್ರಷ್‌ನಲ್ಲಿ ಸರಿಸಬಹುದು. ಅದಕ್ಕಿಂತ ಹೆಚ್ಚಿನದು ಸಂರಕ್ಷಣೆ ಬಲ್ಲವರ ಕೆಲಸ. ಕೇಂದ್ರ ಅಥವಾ ರಾಜ್ಯದ ಸಂರಕ್ಷಿತ ಸ್ಮಾರಕದೊಳಗಿನ ಕಲ್ಲಿಗೆ ಅಷ್ಟೂ ಮಾಡುವಂತಿಲ್ಲ.

ಅರ್ಧ ಹೂತಿರುವ ಕಲ್ಲನ್ನು ಅಗೆಯಬೇಡಿ. ಕಂಡಷ್ಟನ್ನು ದಾಖಲಿಸಿ, 'ಕೆಳಭಾಗ ಹೂತಿದೆ, ನೆಲದ ಮೇಲೆ ಇಷ್ಟು ಸೆಂಟಿಮೀಟರ್' ಎಂದು ಬರೆದು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ತಹಶೀಲ್ದಾರರಿಗೂ ತಿಳಿಸಿ.

ಅಕ್ಷರ ಕಾಣಿಸುವುದು ಬೆಳಕಿನಿಂದ. ಕ್ಯಾಮೆರಾದ ಫ್ಲ್ಯಾಶ್ ಎದುರಿನಿಂದ ಬಿದ್ದು ಆಳವನ್ನೆಲ್ಲ ಚಪ್ಪಟೆ ಮಾಡುತ್ತದೆ, ಅದನ್ನು ಆರಿಸಿಡಿ. ಬೆಳಕು ಕಲ್ಲಿನ ಮುಖಕ್ಕೆ 10ರಿಂದ 20 ಡಿಗ್ರಿ ಓರೆಯಲ್ಲಿ ಸವರಿಕೊಂಡು ಹೋಗಬೇಕು. ಬಿಸಿಲಲ್ಲೇ ತೆಗೆಯುವುದಾದರೆ ಕಲ್ಲು ಯಾವ ಕಡೆಗೆ ಮುಖ ಮಾಡಿದೆ ನೋಡಿ ಹೊತ್ತು ಆರಿಸಿ. ಪೂರ್ವಾಭಿಮುಖ ಕಲ್ಲಿಗೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಉಪಯೋಗವಿಲ್ಲ. ನಡುಹಗಲಿಗೆ ಸ್ವಲ್ಪ ಮುಂಚೆ ಸೂರ್ಯ ಮೇಲಿನಿಂದ ಮುಖವನ್ನು ಸವರುತ್ತಾನೆ, ಆಗ ಅಕ್ಷರ ಎದ್ದು ಕಾಣುತ್ತವೆ. ಪಶ್ಚಿಮಾಭಿಮುಖ ಕಲ್ಲಿಗೆ ನಡುಹಗಲು ಕಳೆದ ಕೂಡಲೆ. ಉತ್ತರಕ್ಕೆ ಮುಖ ಮಾಡಿದ ಕಲ್ಲಿನದೇ ಕಷ್ಟ. ದಕ್ಷಿಣ ಕರ್ನಾಟಕದಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವರೆಗೆ ಮಾತ್ರ. ಚಳಿಗಾಲದಲ್ಲಿ ಆ ಮುಖಕ್ಕೆ ಬಿಸಿಲೇ ತಾಗುವುದಿಲ್ಲ. ಆಗ ದೊಡ್ಡ ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ, ಅಥವಾ ಸಂಜೆ ಕತ್ತಲಾದ ಮೇಲೆ ಟಾರ್ಚ್ ಬಳಸಿ.

ಟಾರ್ಚಿನಲ್ಲಿ ತೆಗೆಯುವಾಗ ಕ್ಯಾಮೆರಾ ಕಲ್ಲಿಗೆ ಸಮಾನಾಂತರವಾಗಿ ಟ್ರೈಪಾಡ್ ಮೇಲೆ ಇರಲಿ, ಟೈಮರ್ ಬಳಸಿ. ಎಡ, ಬಲ, ಮೇಲು, ಕೆಳಗಿನಿಂದ ಬೆಳಕು ಕೊಟ್ಟು ನಾಲ್ಕು ಚಿತ್ರ. ಒಂದು ದಿಕ್ಕಿನ ಬೆಳಕಿನಲ್ಲಿ ಮಾಯವಾದ ಅಡ್ಡಗೆರೆ ಇನ್ನೊಂದರಲ್ಲಿ ಸಿಗುತ್ತದೆ. ತಲೆಕಟ್ಟು ಕಾಣಲು ಮೇಲಿನ ಬೆಳಕು, ಉದ್ದ ಗೆರೆಗಳಿಗೆ ಪಕ್ಕದ ಬೆಳಕು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮುಂಚೆಯೇ ಅನುಮತಿ ಪಡೆಯಬೇಕು ಎಂಬುದನ್ನು ನೆನಪಿಡಿ.

ಒದ್ದೆ ಕಾಗದ ಮಸಿಗಳ ಪಡಿಯಚ್ಚು ಪರಿಣತರ ಕೆಲಸ. ಅನುಮತಿ ಇಲ್ಲದೆ, ತರಬೇತಿ ಇಲ್ಲದೆ ಯಾರೂ ಕೈಹಾಕಬೇಡಿ. ಮಸಿ ಕಲ್ಲಿಗೆ ಇಳಿದರೆ ಹೋಗುವುದಿಲ್ಲ.

ಮಂಡ್ಯದ ಹುಡುಗ

ಗೊತ್ತಾಯ್ತು ಸರ್, ಗುಡಿ ಪೂಜಾರರನ್ನೇ ಮೊದಲು ಕೇಳುತ್ತೇನೆ. ಅಕ್ಷರ ಇಲ್ಲದ ವೀರಗಲ್ಲಾದರೆ ಬರೆಯುವುದೇನು?

ಲಿಪಿಕಾರ

ಬರಹವಿಲ್ಲದ ಕಲ್ಲಿನಲ್ಲೂ ಬರೆಯಬೇಕಾದ್ದು ಬಹಳ ಇದೆ. ಎಷ್ಟು ಪಟ್ಟಿಕೆ, ಅಂದರೆ ಕೆತ್ತನೆಯ ಅಡ್ಡಸಾಲು, ಎಂದು ಎಣಿಸಿ, ಕೆಳಗಿನಿಂದ ಮೇಲಕ್ಕೆ ವಿವರಿಸಿ. ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಹೋರಾಟದ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೋಳಿನ (ದನಗಳ ಅಪಹರಣದ ಕಾಳಗದ) ಕಲ್ಲು ಇರಬಹುದು, ಹುಲಿ ಅಥವಾ ಹಂದಿ ಇದ್ದರೆ ಬೇಟೆಯದು. ಬಿಲ್ಲೋ ಕತ್ತಿಯೋ ಭರ್ಜಿಯೋ ಎಂಬುದನ್ನು ಬರೆಯಿರಿ. ಬಳೆ ತೊಟ್ಟ, ಮೇಲಕ್ಕೆತ್ತಿದ ತೋಳು ಪ್ರತ್ಯೇಕವಾಗಿ ಕೆತ್ತಿದ್ದರೆ ಮಾಸ್ತಿಗಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. 'ಇದು ಇಂಥ ರಾಜನ ಕಾಲದ್ದು' ಎಂದು ಶೈಲಿ ನೋಡಿ ಊಹಿಸಿ ದಿನಾಂಕ ಹಾಕಬೇಡಿ. ಊರವರು ಹೇಳುವ ಹೆಸರು, ಕಥೆ ಇದ್ದರೆ 'ಊರಿನಲ್ಲಿ ಹೀಗೆ ಹೇಳುತ್ತಾರೆ' ಎಂದು ಬೇರೆಯಾಗಿ ಬರೆಯಿರಿ. ಅದೂ ದಾಖಲೆಯೇ.

ನಮೂದು ಮಾಡುವ ಮುಂಚೆ ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಆ ಊರನ್ನು ಹುಡುಕಿ. ಬೆಂಗಳೂರು ಜಿಲ್ಲೆ 9ನೆಯ ಸಂಪುಟದಲ್ಲಿದೆ, 1905ರದು. ಅದರಲ್ಲಿ ಸಂಖ್ಯೆ ತಾಲ್ಲೂಕುವಾರು ಇದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟವೂ ಸಂಖ್ಯೆಯೂ ಬೇರೆ. ಆದ್ದರಿಂದ ಯಾವ ಆವೃತ್ತಿ, ಸಂಪುಟ, ತಾಲ್ಲೂಕು, ಸಂಖ್ಯೆ ನಾಲ್ಕನ್ನೂ ಬರೆಯದಿದ್ದರೆ ಆ ಉಲ್ಲೇಖ ದಾರಿ ತಪ್ಪಿಸುತ್ತದೆ. ಆಗಿನ ತಾಲ್ಲೂಕಿನ ಗಡಿ ಈಗಿನದಲ್ಲ, ಇಂಗ್ಲಿಷಿನಲ್ಲಿ ಊರಿನ ಹೆಸರು ವಿಚಿತ್ರವಾಗಿಯೂ ಕಾಣುತ್ತದೆ. ಒಂದೇ ಕಲ್ಲಿಗೆ ವಿಕಿಡೇಟಾದಲ್ಲಿ ಎರಡು ಮೂರು ನಮೂದು ಹುಟ್ಟುವುದು ಈ ಕಾರಣದಿಂದಲೇ.

ಕರಾವಳಿ ಕ್ಯಾಮೆರಾ

ಶಕ ವರ್ಷವನ್ನು ಇಸವಿಗೆ ತರಲು 78 ಸೇರಿಸಿದರೆ ಸಾಕಲ್ಲವೇ? ಕಾರ್ಕಳದ ಗೊಮ್ಮಟನಿಗೆ ಕೆಲವರು 1431 ಎಂದು ಹಾಕಿದ್ದಾರೆ, ಕೆಲವರು 1432.

ಲಿಪಿಕಾರ

1432 ಸರಿ. ಅಲ್ಲಿನ ಶಾಸನ ಹೇಳುವುದು ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕ ವರ್ಷ ಚೈತ್ರದಲ್ಲಿ ಶುರುವಾಗುತ್ತದೆ, ಇಸವಿ ನಡುವೆ ಜನವರಿಯಲ್ಲಿ ಬದಲಾಗುತ್ತದೆ. ಹಾಗಾಗಿ ಚೈತ್ರದಿಂದ ಸುಮಾರು ಪುಷ್ಯದ ನಡುವರೆಗೆ 78, ಅಲ್ಲಿಂದ ಫಾಲ್ಗುಣದ ಕೊನೆಯವರೆಗೆ 79 ಸೇರಿಸಬೇಕು. 1353ಕ್ಕೆ 79 ಸೇರಿಸಿದರೆ 1432, ದಿನ ಫೆಬ್ರವರಿ 13, ವಾರವೂ ಬುಧವಾರಕ್ಕೇ ತಾಳೆಯಾಗುತ್ತದೆ.

ಕೆಲವು ಶಾಸನಗಳು ಕಳೆದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಅದರಿಂದ ಇನ್ನೊಂದು ವರ್ಷದ ವ್ಯತ್ಯಾಸ ಬರುತ್ತದೆ. ಸಂವತ್ಸರದ ಹೆಸರು, ತಿಥಿ, ವಾರ ಮೂರನ್ನೂ ಹೋಲಿಸಿ ನೋಡಿದ ಮೇಲೆಯೇ ದಿನ ಬರೆಯಿರಿ. ತಾಳೆಯಾಗದಿದ್ದರೆ ವರ್ಷ ಅಥವಾ ಶತಮಾನದ ಮಟ್ಟಕ್ಕೆ ನಿಲ್ಲಿಸಿ. 1582ಕ್ಕಿಂತ ಹಿಂದಿನ ದಿನಾಂಕ ಹಾಕುವಾಗ ವಿಕಿಡೇಟಾದಲ್ಲಿ ಕ್ಯಾಲೆಂಡರ್ 'ಜೂಲಿಯನ್' ಎಂದಿದೆಯೇ ನೋಡಿಕೊಳ್ಳಿ.

ಪಾಠ ಬರೆಯುವಾಗ ಕಲ್ಲಿನ ಸಾಲಿಗೊಂದು ಸಾಲು, ಸಾಲಿನ ಸಂಖ್ಯೆ ಸಮೇತ. ಸಂದೇಹದ ಅಕ್ಷರ ಚೌಕ ಆವರಣದಲ್ಲಿ, ಹೋದ ಅಕ್ಷರಕ್ಕೆ ಚುಕ್ಕೆ. ಱ, ೞ ಇದ್ದಲ್ಲಿ ಅವನ್ನೇ ಬರೆಯಿರಿ, ಇಂದಿನ ಕನ್ನಡಕ್ಕೆ ತಿದ್ದಬೇಡಿ. ಅರ್ಥವನ್ನು ಕೆಳಗೆ ಬೇರೆಯಾಗಿ ಕೊಡಿ.

ದಾಖಲೆಗಾರ್ತಿ

ದಿನಾಂಕದ ಗೊಂದಲ ಹೊಸ ಪ್ರತಿಮೆಗಳಲ್ಲೂ ಇದೆ. ಹಲಸೂರು ಕೆರೆಯ ಹತ್ತಿರದ ತಿರುವಳ್ಳುವರ್ ಪ್ರತಿಮೆ 1991ರಲ್ಲಿ ಬಂತು, ಅನಾವರಣವಾದದ್ದು 9 ಆಗಸ್ಟ್ 2009ರಂದು. ನಡುವಿನ 18 ವರ್ಷ ಮುಸುಕಿನಲ್ಲೇ ಇತ್ತು. ಅದಕ್ಕೆ ಜೊತೆಯಾಗಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾದದ್ದು 13 ಆಗಸ್ಟ್ 2009ರಂದು. ಸ್ಥಾಪನೆಯ ವರ್ಷ ಪಿ571ಕ್ಕೆ, ಅನಾವರಣದ ದಿನ ಪಿ1619ಕ್ಕೆ ಹೋಗಲಿ. ಫಲಕದ ಮೇಲೆ ಇರುವ ದಿನ ಹಲವೊಮ್ಮೆ ಶಂಕುಸ್ಥಾಪನೆಯದು, ಪೂರ್ತಿ ಓದಿ.

ಫಲಕದಲ್ಲಿ ಗಣ್ಯರ ಹೆಸರು ಹತ್ತು ಸಾಲು ಇದ್ದು ಶಿಲ್ಪಿಯ ಹೆಸರು ಕೊನೆಯಲ್ಲಿ ಸಣ್ಣದಾಗಿ ಇರುತ್ತದೆ, ಕೆಲವು ಕಡೆ ಇರುವುದೇ ಇಲ್ಲ. ಶಿಲ್ಪಿ ಯಾರೆಂದು ಪಿ170ರಲ್ಲಿ ಸೇರಿಸುವುದು ಈ ಇಡೀ ಕೆಲಸದಲ್ಲಿ ನನಗೆ ಬಹಳ ಮುಖ್ಯವೆನಿಸುತ್ತದೆ. ಮಾಡಿದವರ ಹೆಸರೇ ಅಳಿಸಿಹೋಗಬಾರದು. ಅನಾವರಣದ ಕಾಲದ ಪತ್ರಿಕಾ ವರದಿ ಸಿಕ್ಕರೆ ಆಧಾರವಾಗಿ ಕೊಡಿ.

ಜಾಗ ಬದಲಾದ ಪ್ರತಿಮೆಗೆ ಹೊಸ ನಮೂದು ಬೇಡ. ಒಂದೇ ನಮೂದಿನಲ್ಲಿ ಪಿ276ಕ್ಕೆ (ಇರುವ ಸ್ಥಳ) ಎರಡು ಮೌಲ್ಯ ಕೊಟ್ಟು ಒಂದಕ್ಕೆ ಮುಕ್ತಾಯದ ವರ್ಷ, ಇನ್ನೊಂದಕ್ಕೆ ಆರಂಭದ ವರ್ಷ ಸೇರಿಸಿ, ಈಗಿನದನ್ನು 'ಆದ್ಯತೆ' ಮಾಡಿ. ಮ್ಯೂಸಿಯಮ್ಮಿಗೆ ಹೋದ ಕಲ್ಲಿಗೂ ಹೀಗೆಯೇ. ಕಾಳಿ ಎಂಬ ನಾಯಿಯ ನೆನಪಿನ ಆತಕೂರು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಸಿಕ್ಕ ಊರು ಪಿ189ರಲ್ಲಿ, ಈಗಿರುವ ಸಂಗ್ರಹ ಪಿ195ರಲ್ಲಿ ಇರಬೇಕು.

ಮಲೆನಾಡಿನವ

ನನಗೊಂದು ಆತಂಕ ಇದೆ. ಕಾಡಂಚಿನ ಊರುಗಳಲ್ಲಿ ನಿಧಿಗಳ್ಳರು ವೀರಗಲ್ಲು, ನಂದಿ, ಲಿಂಗ ಎಲ್ಲ ಕಿತ್ತು ಒಡೆದು ಹಾಕುತ್ತಾರೆ. ಐದು ಅಂಕಿಯ ನಿಖರತೆಯಲ್ಲಿ ನಕ್ಷೆ ಹಾಕಿದರೆ ಅವರಿಗೆ ನಾವೇ ದಾರಿ ತೋರಿಸಿದ ಹಾಗೆ. ಒಂಟಿ ಕಲ್ಲುಗಳ ಜಾಗ ಬಹಿರಂಗ ಮಾಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ನಕ್ಷೆಗಾರ

ಆತಂಕ ನ್ಯಾಯವಾದದ್ದೇ. ಆದರೆ ನಗರದ ಅಂಚಿನಲ್ಲಿ ಅಪಾಯ ಬೇರೆ. ಅಲ್ಲಿ ಕಲ್ಲು ಹೋಗುವುದು ರಸ್ತೆ ಅಗಲೀಕರಣ, ಲೇಔಟ್, ಚರಂಡಿ ಕೆಲಸದಲ್ಲಿ. ಜೆಸಿಬಿಯವರಿಗೆ ಅದು ಶಾಸನವೆಂದೇ ತಿಳಿದಿರುವುದಿಲ್ಲ, ಚಪ್ಪಡಿಯೆಂದು ಪಕ್ಕಕ್ಕೆ ತಳ್ಳುತ್ತಾರೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 8ನೆಯ ಶತಮಾನದ್ದು, ಗಂಗರ ಶ್ರೀಪುರುಷನ ಕಾಲದ್ದು. 2018ರಲ್ಲಿ ನೆಲ ಅಗೆಯುವಾಗ ಹೊರಬಂದು, ಗುರುತಿಸುವವರಿದ್ದದ್ದರಿಂದ ಉಳಿಯಿತು. ನಕ್ಷೆಯಲ್ಲಿ ಬಿಂದುವಿದ್ದರೆ ಕೆಲಸ ಶುರುವಾಗುವ ಮುಂಚೆಯೇ ಅರ್ಜಿ ಕೊಡಲು ಆಧಾರವಿರುತ್ತದೆ.

ಮಲೆನಾಡಿನವ

ನಗರಕ್ಕೆ ಒಪ್ಪುತ್ತೇನೆ. ಕಾಡಿನ ಕಲ್ಲಿಗೆ ಕಾವಲು ಯಾರೂ ಇಲ್ಲ, ಅರ್ಜಿ ಕೊಡುವಷ್ಟರಲ್ಲಿ ಕಲ್ಲೇ ಇರುವುದಿಲ್ಲ.

ಕಡತಪಾಲ

ಹಾಗಾದರೆ ಎರಡು ಬಗೆ ಮಾಡೋಣ. ಜನವಸತಿಯ ನಡುವೆ, ಗುಡಿಯ ಆವರಣದಲ್ಲಿ, ರಸ್ತೆ ಬದಿಯಲ್ಲಿ ಇರುವುದಕ್ಕೆ ನಿಖರ ಜಾಗ. ಕಾಡು, ಪಾಳು ಗುಡಿ, ಒಂಟಿ ಹೊಲದಲ್ಲಿರುವುದಕ್ಕೆ ಊರಿನ ಹೆಸರು ಮಾತ್ರ, ದಶಮಾಂಶದ ನಂತರ 2 ಅಂಕಿ, ಅಂದರೆ ಸುಮಾರು 1 ಕಿಲೋಮೀಟರ್ ವ್ಯಾಪ್ತಿ. ನಿಖರ ಅಂಕಿಯನ್ನು ಇಲಾಖೆಗೆ ಲಿಖಿತವಾಗಿ ಕೊಡುವುದು. ಗಮನಿಸಿ: ಅಂತಹ ಚಿತ್ರ ಕಾಮನ್ಸಿಗೆ ಹಾಕುವ ಮುಂಚೆ ಕಡತದೊಳಗಿನ ಜಿಪಿಎಸ್ ಮಾಹಿತಿಯನ್ನು ತೆಗೆಯಲೇಬೇಕು. ಟೆಂಪ್ಲೇಟಿನಲ್ಲಿ ಬರೆಯದೇ ಬಿಟ್ಟು ಚಿತ್ರದೊಳಗೆ ಹಾಗೇ ಉಳಿಸಿದರೆ ಪ್ರಯೋಜನವಿಲ್ಲ.

ಮಲೆನಾಡಿನವ

ಇದಕ್ಕೆ ನನ್ನ ಒಪ್ಪಿಗೆ ಇದೆ.

ಮೂರುಆಯಾಮ

3ಡಿ ಮಾದರಿ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದುಬಾರಿ ಸ್ಕ್ಯಾನರ್ ಇಲ್ಲದೆ ಫೋಟೊಗಳಿಂದಲೇ ಒಳ್ಳೆಯ ಮಾದರಿ ಬರುತ್ತದೆ. ಒಂದೂವರೆ ಮೀಟರ್ ಎತ್ತರದ ವೀರಗಲ್ಲಿಗೆ 80ರಿಂದ 120 ಚಿತ್ರ ಸಾಕು. ಮೊಣಕಾಲು ಮಟ್ಟ, ಎದೆಮಟ್ಟ, ತಲೆಯ ಮೇಲಿಂದ ಕೆಳಕ್ಕೆ ಹೀಗೆ ಮೂರು ಸುತ್ತು, ಆಮೇಲೆ ಬರಹದ ಮುಖಕ್ಕೆ ಹತ್ತಿರದಿಂದ ಸಾಲು ಸಾಲಾಗಿ. ಪಕ್ಕಪಕ್ಕದ ಚಿತ್ರಗಳು 70ರಿಂದ 80 ಶೇಕಡಾ ಒಂದರ ಮೇಲೊಂದು ಬರಬೇಕು. ನಿಂತಲ್ಲೇ ಕ್ಯಾಮೆರಾ ತಿರುಗಿಸಿದರೆ ಆಳ ಲೆಕ್ಕಕ್ಕೆ ಸಿಗುವುದಿಲ್ಲ, ಪ್ರತಿ ಚಿತ್ರಕ್ಕೂ ಒಂದು ಹೆಜ್ಜೆ ಸರಿಯಬೇಕು.

ಜೂಮ್ ಮುಟ್ಟಬೇಡಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಇಲ್ಲಿ ಮೋಡದ ಬೆಳಕೇ ಬೇಕು. ಲಿಪಿಕಾರರು ಹೇಳಿದ ಓರೆ ಬಿಸಿಲು ಓದಲು ಒಳ್ಳೆಯದು, ಮಾದರಿಗೆ ಅಲ್ಲ. ಬಿಸಿಲಲ್ಲಿ ಕೆಲಸ ಮುಗಿಯುವಷ್ಟರಲ್ಲಿ ನೆರಳು ಸರಿದು ತಂತ್ರಾಂಶ ಗೊಂದಲಕ್ಕೀಡಾಗುತ್ತದೆ. ಒದ್ದೆ ಕಲ್ಲು, ಎಣ್ಣೆ ಹಚ್ಚಿದ ಕಲ್ಲು, ಹೊಳಪಿನ ಕಂಚು, ನುಣುಪಾದ ಅಮೃತಶಿಲೆ ಇವುಗಳ ಹೊಳಪು ನಾವು ಸರಿದಂತೆ ಜಾಗ ಬದಲಿಸುತ್ತದೆ, ಅಲ್ಲಿ ಗುಳಿ ಬೀಳುತ್ತದೆ. ಕಲ್ಲಿನ ಎರಡೂ ಬದಿಗೆ ಅಳತೆಪಟ್ಟಿ ಇಡಿ. ಅದಿಲ್ಲದಿದ್ದರೆ ಮಾದರಿಯಲ್ಲಿ ಆಕಾರ ಬರುತ್ತದೆ, ಗಾತ್ರ ಬರುವುದಿಲ್ಲ.

ಫೋಟೊಗಳಿಂದ ಮಾದರಿ ಕಟ್ಟುವ ತಂತ್ರಾಂಶಗಳಾದ ಕೋಲ್‌ಮ್ಯಾಪ್, ಮೆಶ್‌ರೂಮ್ ಎರಡೂ ಉಚಿತ. ಎನ್‌ವಿಡಿಯಾ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ದಟ್ಟ ಮಾದರಿಯ ಹಂತ ನಿಂತುಬಿಡುತ್ತದೆ, ಅದಿರುವವರಿಗೆ ಚಿತ್ರಗಳನ್ನು ಕಳಿಸಿ. 3ಡಿ ಮಾದರಿಗಳಲ್ಲಿ ಕಾಮನ್ಸ್ ಎಸ್‌ಟಿಎಲ್ ಬಗೆಯ ಕಡತ ಮಾತ್ರ ತೆಗೆದುಕೊಳ್ಳುತ್ತದೆ, ಅದರಲ್ಲಿ ಬಣ್ಣ ಇರುವುದಿಲ್ಲ. ಶಾಸನಕ್ಕೆ ಅದು ಕೊರತೆಯಲ್ಲ. ಬಣ್ಣ, ಕಲೆ, ಪಾಚಿ ಹೋಗಿ ಬರೀ ಉಬ್ಬುತಗ್ಗು ಉಳಿದಾಗ ಅಕ್ಷರ ಇನ್ನೂ ಸ್ಪಷ್ಟ. ಮೂಲ ಫೋಟೊಗಳನ್ನು ಅಳಿಸಬೇಡಿ. ತಂತ್ರಾಂಶ ಸುಧಾರಿಸಿದಾಗ ಅವೇ ಚಿತ್ರಗಳಿಂದ ಇನ್ನೂ ಒಳ್ಳೆಯ ಮಾದರಿ ತೆಗೆಯಬಹುದು. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಿಂದ 3ಡಿ ಸ್ಕ್ಯಾನ್ ಮಾಡುತ್ತಿದೆ. ಅವರು ಮಾಡಿದ ಕಲ್ಲನ್ನೇ ಮತ್ತೆ ಮಾಡುವ ಬದಲು ಬೇರೆ ಜಿಲ್ಲೆಗಳ ಕಡೆ ನಮ್ಮ ಶಕ್ತಿ ಹಾಕೋಣ.

ಇನ್ನೂ ಹಕ್ಕುಸ್ವಾಮ್ಯದಲ್ಲಿರುವ ಹೊಸ ಪ್ರತಿಮೆಗಳ 3ಡಿ ಮಾದರಿ ಬೇಡ. ಕಲಂ 52(1)(ಟಿ) ಹೇಳುವುದು ಚಿತ್ರ, ರೇಖಾಚಿತ್ರ, ಕೆತ್ತನೆಯಚ್ಚು, ಫೋಟೊಗಳನ್ನು ಮಾತ್ರ.

ಕರಾವಳಿ ಕ್ಯಾಮೆರಾ

ಎತ್ತರದ ಪ್ರತಿಮೆಗಳ ಅಳತೆ ಹೇಗೆ? ಪತ್ರಿಕೆಗಳಲ್ಲಿ ಒಂದೊಂದು ಕಡೆ ಒಂದೊಂದು ಇರುತ್ತದೆ.

ನಕ್ಷೆಗಾರ

ಬೇರೆ ಬೇರೆ ಬರುವುದು ಬಹುತೇಕ ಪೀಠ ಸೇರಿಸಿದ್ದಾರೋ ಇಲ್ಲವೋ ಎಂಬುದರಿಂದ. ವಿಕಿಡೇಟಾದ ಪಿ2048ರಲ್ಲಿ ಎರಡನ್ನೂ ಬೇರೆ ಮೌಲ್ಯವಾಗಿ ಕೊಟ್ಟು ಯಾವ ಭಾಗಕ್ಕೆ ಎಂದು ಸೂಚಿಸಿ. ಆಧಾರದಲ್ಲಿ ಅಳತೆ ಅಡಿಗಳಲ್ಲಿದ್ದರೆ ಅಡಿಗಳಲ್ಲೇ ಹಾಕಿ, ನೀವು ಮೀಟರಿಗೆ ಬದಲಿಸಿ ದುಂಡಗೆ ಮಾಡಬೇಡಿ.

ಅಳೆಯುವುದಾದರೆ ಫೋನಿನ ಕೋನಮಾಪಕ ಆಪ್ ಸಾಕು. ನೆತ್ತಿ 45 ಡಿಗ್ರಿಯಲ್ಲಿ ಕಾಣುವಷ್ಟು ಹಿಂದೆ ಸರಿದು ನಿಲ್ಲಿ. ಅಲ್ಲಿಂದ ನೆತ್ತಿಯ ನೇರ ಕೆಳಗಿನ ಬಿಂದುವಿಗೆ ಇರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಒಟ್ಟು ಎತ್ತರ. ಟೇಪನ್ನು ಪೀಠದ ಅಂಚಿಗೆ ಹಿಡಿದರೆ ಪೀಠದ ಅರ್ಧ ಅಗಲದಷ್ಟು ಕಡಿಮೆ ಬರುತ್ತದೆ, ಅದನ್ನು ಸೇರಿಸಲು ಮರೆಯಬೇಡಿ. ನೆಲ ಇಳಿಜಾರಾದರೆ ಈ ಲೆಕ್ಕ ಕೆಡುತ್ತದೆ, ಆಗ ಎರಡು ಬದಿಯಿಂದ ಅಳೆದು ನೋಡಿ. ನಾವು ಅಳೆದದ್ದನ್ನು ವಿಕಿಡೇಟಾಕ್ಕೆ ಆಧಾರವಿಲ್ಲದೆ ಹಾಕದೆ ಕಾಮನ್ಸಿನ ಕಡತ ವಿವರಣೆಯಲ್ಲಿ, ಅಳೆದ ವಿಧಾನ ಸಮೇತ ಬರೆಯೋಣ.

ದಾಖಲೆಗಾರ್ತಿ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಸೇರಿಸಿ ನಾವೆಲ್ಲ ಒಟ್ಟಿಗೆ ತುಂಬುವ ಪಟ್ಟಿಯ ಕಾಲಂಗಳನ್ನು ಬದಲಿಸಿದ್ದೇನೆ: ವಸ್ತುವಿನ ಬಗೆ, ಊರಿನಲ್ಲಿ ಕರೆಯುವ ಹೆಸರು, ಜಾಗ ಬಹಿರಂಗವೋ ಅಲ್ಲವೋ, ಮುಖದ ದಿಕ್ಕು, ನೆಲದ ಮೇಲಿನ ಎತ್ತರ ಅಗಲ ದಪ್ಪ, ಬರಹದ ಭಾಷೆ ಮತ್ತು ಸಾಲುಗಳ ಸಂಖ್ಯೆ, ಪ್ರಕಟಿತ ಸಂಖ್ಯೆ ಆವೃತ್ತಿ ಸಮೇತ, ಶಿಲ್ಪಿ, ಸ್ಥಾಪನೆ, ಅನಾವರಣ, ನೋಡಿದ ದಿನದ ಸ್ಥಿತಿ. ಗೊತ್ತಿಲ್ಲದ ಕಾಲಂ ಖಾಲಿ ಬಿಡಿ, ಊಹೆ ತುಂಬಬೇಡಿ. ಖಾಲಿ ಇದ್ದರೆ ಬೇರೆಯವರು ತುಂಬುತ್ತಾರೆ, ಊಹೆ ಇದ್ದರೆ ಯಾರೂ ಮತ್ತೆ ಹುಡುಕುವುದಿಲ್ಲ.

ಮಂಡ್ಯದ ಹುಡುಗ

ಮೇಡಂ, ಹಳೆಯ ಪುಸ್ತಕದಲ್ಲಿದ್ದು ಈಗ ಜಾಗದಲ್ಲಿ ಕಾಣದ ಕಲ್ಲಿದ್ದರೆ ಪಟ್ಟಿಯಿಂದ ತೆಗೆಯಬೇಕಾ?

ದಾಖಲೆಗಾರ್ತಿ

ತೆಗೆಯಬೇಡಿ. ಸ್ಥಿತಿ ಎಂಬಲ್ಲಿ 'ಇಂಥ ದಿನ ಹುಡುಕಿದಾಗ ಸಿಗಲಿಲ್ಲ' ಎಂದು ಬರೆದು, ಎಲ್ಲೆಲ್ಲಿ ನೋಡಿದಿರಿ, ಊರಲ್ಲಿ ಯಾರನ್ನು ಕೇಳಿದಿರಿ ಎಂದೂ ಸೇರಿಸಿ. ಹೆಸರು ಬೇಡ, 'ಗುಡಿಯ ಅರ್ಚಕರು', 'ಹೊಲದವರು' ಎಂದರೆ ಸಾಕು. ಹೊಸ ಗುಡಿ ಕಟ್ಟಿದ್ದರೆ ಅದರ ಅಡಿಪಾಯ, ಮೆಟ್ಟಿಲು, ಕೆರೆಯ ತೂಬು, ಒಗೆಯುವ ಕಲ್ಲು ಇವನ್ನು ಒಮ್ಮೆ ನೋಡಿ, ಕಲ್ಲುಗಳು ಅಲ್ಲಿ ಮಗುಚಿ ಬಿದ್ದಿರುವುದುಂಟು. ಓಎಸ್‌ಎಂನಲ್ಲಿ ಬಿಂದು ಮೊದಲೇ ಇದ್ದರೆ ಅಳಿಸುವ ಬದಲು ಟ್ಯಾಗ್‌ನ ಮುಂದೆ 'ರಿಮೂವ್ಡ್' ಸೇರಿಸಿ. ಮಾರಿಗುಡಿಯ ಎರಡು ಕಲ್ಲುಗಳಿಗೆ ಪಟ್ಟಿಯಲ್ಲಿ ಸಾಲು ತೆರೆದಿದ್ದೇನೆ, ಚಿತ್ರ ಬಂದ ಮೇಲೆ ಲಿಪಿಕಾರ ಅವರು ಅಕ್ಷರವಿದೆಯೇ ನೋಡುತ್ತಾರೆ.